ಹಳೆಯ ದುಬಾರಿ ಕೈಗಡಿಯಾರಗಳ ಬೆಜೆಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ವಾಚಿನ ಫೋಟೊ ಕಳಿಸಿ "ಇದರ ಬೆಜೆಲ್ ಯಾವ ಬಗೆಯದು, ಯಾವ ಲೋಹದ್ದು, ಅಸಲಿಯೇ?" ಎಂದು ಕೇಳುವವರು ಬಹಳ. ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ವಾಚಿನ ಹೊರಭಾಗಗಳಲ್ಲಿ ಸುಲಭವಾಗಿ ಬಿಚ್ಚಿ ಬೇರೆ ಹಾಕಬಹುದಾದದ್ದು ಬೆಜೆಲ್. ಆದ್ದರಿಂದ ಅದು ಹೇಳುವ ಸಾಕ್ಷಿಯನ್ನು ಉಳಿದ ವಾಚಿನ ಜೊತೆ ತಾಳೆ ನೋಡದೆ ಒಪ್ಪಬಾರದು.

## ಮೊದಲ ಪರಿಚಯ

ಬೆಜೆಲ್ ಅಂದ್ರೆ ಗಾಜಿನ ಸುತ್ತ ಇರೋ ಬಳೆ ತಾನೆ? ಕೇಸು ಎಲ್ಲಿ ಮುಗಿಯುತ್ತೆ, ಅದು ಎಲ್ಲಿ ಶುರುವಾಗುತ್ತೆ?

ಹೌದು, ಬಳೆಯೇ. ಕೇಸು ಎಂದರೆ ವಾಚಿನ ಲೋಹದ ಮೈ. ಕೆಲವು ವಾಚುಗಳಲ್ಲಿ ಅದು ಗಾಜನ್ನು ಒತ್ತಿ ಹಿಡಿದು ನೀರು ತಡೆಯುತ್ತದೆ, ಕೆಲವದರಲ್ಲಿ ಅಳತೆಯ ಅಂಕಿಗಳನ್ನು ಹೊತ್ತಿರುತ್ತದೆ, ಇನ್ನು ಕೆಲವದರಲ್ಲಿ ಬರೀ ಅಂದಕ್ಕೆ. ವಾಚನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಬದಿಯಿಂದ ನೋಡಿ. ಕೂದಲೆಳೆಯಷ್ಟು ಸಂದು ಸುತ್ತಲೂ ಓಡಿದ್ದರೆ ಬೆಜೆಲ್ ಬೇರೆ ತುಂಡು. ಸಂದೇ ಇಲ್ಲದಿದ್ದರೆ ಕೇಸಿನ ಜೊತೆಗೇ ಕಡೆದದ್ದು.

ತಿರುಗುವ ಬೆಜೆಲ್‌ಗಳಲ್ಲಿ ಸಾಮಾನ್ಯವಾಗಿ ಎರಡು ಭಾಗ: ಬೆರಳಿಗೆ ಸಿಗುವ ಲೋಹದ ಬಳೆ, ಅದರೊಳಗೆ ಕೂರಿಸಿದ ಅಂಕಿಯ ತೆಳು ಪಟ್ಟಿ. ಈ ಪಟ್ಟಿಗೆ ಇನ್ಸರ್ಟ್ ಎನ್ನುತ್ತಾರೆ. "ಅಲ್ಯೂಮಿನಿಯಂ ಬೆಜೆಲ್" ಎಂದಾಗ ಹೆಚ್ಚಿನಂಶ ಇನ್ಸರ್ಟಿನ ಮಾತು. ಬಳೆ ಸ್ಟೀಲೋ ಚಿನ್ನವೋ ಆಗಿರುತ್ತದೆ.

ಏನೂ ಕೆತ್ತನೆ ಇಲ್ಲದ ಸಾದಾ ಬೆಜೆಲ್. ಅದರಲ್ಲಿ ಗುರುತಿಸೋಕೆ ಏನಿದೆ?

ಅಡ್ಡ ಕೊಯ್ದರೆ ಹೇಗೆ ಕಂಡೀತು ಎಂದು ಊಹಿಸಿ ನೋಡಿ. ಚಪ್ಪಟೆ, ಉಬ್ಬು, ಹೊರಗೆ ಇಳಿಜಾರು, ಒಳಗೆ ಬಾಗಿದ್ದು, ಮೆಟ್ಟಿಲು ಮೆಟ್ಟಿಲಾದದ್ದು ಎಂದು ಸಾದಾದಲ್ಲೇ ಐದು ಬಗೆ. 1932ರ ಪಾಟೆಕ್ ಫಿಲಿಪ್ ಕಲಟ್ರಾವಾ 96ರದು (ಹೆಸರಿನ ನಂತರ ಬರುವ ಅಂಕಿ ಮಾದರಿ ಸಂಖ್ಯೆ, ಇಸವಿಯಲ್ಲ) ಚಪ್ಪಟೆ; ರೋಲೆಕ್ಸ್ ಡೇಟ್‌ಜಸ್ಟ್ 1600ರದು ಉಬ್ಬು. ಕಿಟಕಿಯ ಬೆಳಕಿನಲ್ಲಿ ವಾಚನ್ನು ಓಲಾಡಿಸಿದರೆ ಚಪ್ಪಟೆಯ ಮೇಲೆ ಬೆಳಕು ಒಮ್ಮೆಲೇ ಹತ್ತಿ ಆರುತ್ತದೆ, ಉಬ್ಬಿದ್ದರ ಮೇಲೆ ಒಂದು ಗೆರೆಯಾಗಿ ಜಾರುತ್ತದೆ. ಚಪ್ಪಟೆ ಇರಬೇಕಾದ ಕಡೆ ಗೆರೆ ಜಾರಿದರೆ ಯಾರೋ ಚೆನ್ನಾಗಿ ಉಜ್ಜಿದ್ದಾರೆ ಎಂದರ್ಥ.

ಅಂಚಿನಲ್ಲಿ ನೆರಿಗೆ ನೆರಿಗೆ ಇದೆ. ಫ್ಲೂಟೆಡ್, ಎಂಜಿನ್ ಟರ್ನ್ಡ್, ಕಾಯಿನ್ ಎಡ್ಜ್ ಅಂತಾರಲ್ಲ, ಎಲ್ಲಾ ಒಂದೇನಾ?

ಒಂದೇ ಅಲ್ಲ. ಅತಿ ಹೆಚ್ಚು ಗೊಂದಲ ಆಗುವುದು ಇಲ್ಲೇ.

ಫ್ಲೂಟೆಡ್ ಎಂದರೆ ನಿಜವಾದ ನೆರಿಗೆ. ಬೆಜೆಲ್‌ನ ಇಳಿಜಾರಿನ ಮೇಲೆ ಸುತ್ತಲೂ ಸಮನಾಗಿ ಕೊರೆದ ಚೂಪು ಏಣು, ಚೂಪು ಕಣಿವೆ. ಪ್ರತಿ ನೆರಿಗೆಗೂ ಎರಡು ಮುಖ, ಎರಡೂ ಕನ್ನಡಿಯಂತೆ ಹೊಳೆಯುತ್ತವೆ. ಒಂದು ಮುಖ ಬೆಳಗಿದಾಗ ಪಕ್ಕದ್ದು ಕಪ್ಪಾಗಿರುತ್ತದೆ. ಕೈ ಅಲುಗಿದರೆ ಬೆಳಕು ಸುತ್ತ ಓಡುತ್ತದೆ. ಇದು ಹುಟ್ಟಿದ್ದು ಅಲಂಕಾರಕ್ಕಲ್ಲ. 1926ರ ರೋಲೆಕ್ಸ್ ಆಯಿಸ್ಟರ್‌ನಲ್ಲಿ ಬೆಜೆಲನ್ನು ಕೇಸಿಗೆ ತಿರುಪಿ ಬಿಗಿ ಮಾಡುತ್ತಿದ್ದರು, ಉಪಕರಣಕ್ಕೆ ಹಿಡಿತ ಸಿಗಲೆಂದು ಈ ನೆರಿಗೆ. ಮುಂದೆ ತಿರುಪುವ ಕೆಲಸ ಹೋಯಿತು, ನೆರಿಗೆ ಉಳಿಯಿತು.

ಎಂಜಿನ್ ಟರ್ನ್ಡ್‌ನಲ್ಲಿ ಏಣು-ಕಣಿವೆ ಇಲ್ಲ. ಲೋಹದ ಮೇಲೆ ಸಣ್ಣ ಗೆರೆಗಳನ್ನು ಗುಂಪು ಗುಂಪಾಗಿ ಕೊರೆದಿರುತ್ತಾರೆ, ಗಂಟೆಯ ಜಾಗಗಳಲ್ಲಿ ಅಗಲ ಪಟ್ಟಿ ಬಿಟ್ಟಿರುತ್ತಾರೆ. ಹೊಳಪು ಕಡಿಮೆ, ಮಿನುಗು ಚದುರಿದಂತೆ. ಡೇಟ್‌ಜಸ್ಟ್ 1603ರ ಬೆಜೆಲ್ ಇದೇ, ಸ್ಟೀಲಿನದು. 1601 ಆದರೆ ಫ್ಲೂಟೆಡ್, ಅದು ಚಿನ್ನ.

ಕಾಯಿನ್ ಎಡ್ಜ್ ಎಂದರೆ ನಾಣ್ಯದ ಅಂಚಿನಂಥ ಹಲ್ಲು. ಅದು ಬೆಜೆಲ್‌ನ ಹೊರಬದಿಯಲ್ಲಿ ಇರುತ್ತದೆ, ಬೆರಳಿಗೆ ಹಿಡಿತ ಕೊಡುವುದಕ್ಕೆ. ಮೇಲಿನಿಂದ ನೋಡಿದರೆ ಅಂಚಿನ ಹಲ್ಲಷ್ಟೇ ಕಾಣುತ್ತದೆ. ಬ್ರೆಗೆ ವಾಚುಗಳ ಪ್ರಸಿದ್ಧ ಸಣ್ಣ ಗೀರುಗಳನ್ನೂ ಬೆಜೆಲ್ ಲೆಕ್ಕಕ್ಕೆ ಸೇರಿಸುವವರಿದ್ದಾರೆ. ಅವು ಕೇಸಿನ ಪಕ್ಕೆಯ ಮೇಲಿನವು.

ಸಣ್ಣ ಸಣ್ಣ ಪಿರಮಿಡ್ ಜೋಡಿಸಿದ ಹಾಗಿದೆ. ಇನ್ನೊಂದು ಮರದ ತೊಗಟೆ ಥರ ಇದೆ. ಇವಕ್ಕೆ ಹೆಸರಿದೆಯೇ?

ಮೊದಲನೆಯದು ಹಾಬ್‌ನೇಲ್, ಫ್ರೆಂಚಿನಲ್ಲಿ ಕ್ಲೂ ದ ಪಾರಿ. 1985ರ ಪಾಟೆಕ್ ಫಿಲಿಪ್ 3919 ಇದರ ಮಾದರಿ. ಪಿರಮಿಡ್ಡುಗಳ ತುದಿ ಚೂಪಾಗಿದ್ದರೆ ವಾಚು ಪಾಲಿಶ್ ಚಕ್ರದಿಂದ ತಪ್ಪಿಸಿಕೊಂಡಿದೆ. ಎರಡನೆಯದು ಬಾರ್ಕ್ ಫಿನಿಶ್, ರೋಲೆಕ್ಸ್ ಡೇ-ಡೇಟ್ 1807ರಲ್ಲಿ ಬೆಜೆಲ್ ಮೇಲೂ ಚೈನಿನ ನಡುಕೊಂಡಿಗಳ ಮೇಲೂ ಇದೆ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಏಕೆಂದು ಕೇಳಿ.

ಎಂಟು ಮೂಲೆ ಇದೆ, ಮೇಲೆ ಸ್ಕ್ರೂ ಇದೆ. ರಾಯಲ್ ಓಕ್ ಅಂತ ಹೇಳಿಬಿಡಬಹುದಾ?

ಬೇಡ. 1972ರಲ್ಲಿ ವಿನ್ಯಾಸಕ ಜೆರಾಲ್ಡ್ ಜೆಂಟಾ ಬರೆದ ಓಡೆಮಾರ್ ಪಿಗೆ ರಾಯಲ್ ಓಕ್ 5402ರ ನಂತರ ಅಂಥ ಬೆಜೆಲ್‌ಗಳ ಸಾಲೇ ಬಂತು. ಅಸಲಿಯಲ್ಲಿ ಎಂಟು ಬಿಳಿ ಚಿನ್ನದ ಸ್ಕ್ರೂಗಳ ಸೀಳುಗಳೆಲ್ಲ ಒಂದೇ ವೃತ್ತದ ಮೇಲೆ ಸಾಲಾಗಿ ನಿಂತಿರುತ್ತವೆ. ಇದಕ್ಕೆ ಕಾರಣ ಸ್ಕ್ರೂ ತಲೆ ಷಟ್ಕೋನ, ಅದು ಕೂರುವ ಗುಳಿಯೂ ಷಟ್ಕೋನ. ತಲೆ ತಿರುಗುವುದೇ ಇಲ್ಲ. ಬಿಗಿ ಮಾಡುವುದು ಹಿಂಬದಿಯಿಂದ. ಸೀಳುಗಳು ದಿಕ್ಕಿಗೊಂದಾಗಿದ್ದರೆ ಕೈ ಮುಗಿದು ವಾಪಸ್ ಕೊಡಿ. ಮೇಲ್ಮೈ ಉದ್ದುದ್ದ ಗೆರೆಯ ಮಂದ ಹೊಳಪು, ಅಂಚಿನ ಇಳಿಜಾರು ಮಾತ್ರ ಕನ್ನಡಿ ಹೊಳಪು.

1976ರ ಪಾಟೆಕ್ ನಾಟಿಲಸ್ 3700ರಲ್ಲಿ ಮೂಲೆಗಳು ದುಂಡಗೆ, ಮೇಲೆ ಸ್ಕ್ರೂ ಇಲ್ಲ, ಎರಡು ಬದಿಗೆ ಕಿವಿಗಳಿವೆ. 1977ರ ವಶೆರಾನ್ ಕಾನ್‌ಸ್ಟಂಟಿನ್ 222ರದು ಅಂಚಿಗೆ ಕಚ್ಚು ಹಾಕಿದ ದುಂಡು ಬೆಜೆಲ್. ಇದನ್ನೂ ಜೆಂಟಾ ಹೆಸರಿಗೆ ಹಚ್ಚುತ್ತಾರೆ, ಬರೆದದ್ದು ಯೋರ್ಗ್ ಹೈಸೆಕ್. 1978ರ ಕಾರ್ಟಿಯೆ ಸಾಂಟೋಸ್ ಚೌಕ. 1982ರ ಒಮೆಗಾ ಕಾನ್‌ಸ್ಟಲೇಶನ್ ಮ್ಯಾನ್‌ಹಟನ್‌ಗೆ ನಾಲ್ಕು ಉಗುರುಗಳು. ಮೂಲದಲ್ಲಿ ಅವು ಗಾಜನ್ನೂ ನೀರು ತಡೆಯುವ ಗ್ಯಾಸ್ಕೆಟನ್ನೂ ಕೇಸಿಗೆ ಒತ್ತಿ ಹಿಡಿಯುತ್ತಿದ್ದವು.

## ಅಂಕಿ ಹೊತ್ತ ಬೆಜೆಲ್‌ಗಳು

ಒಂದರಲ್ಲಿ 60ರವರೆಗೆ, ಒಂದರಲ್ಲಿ 24ರವರೆಗೆ, ಒಂದರಲ್ಲಿ 500ರಿಂದ ಇಳಿಯುತ್ತೆ. ಏನಿದು ಲೆಕ್ಕ?

60ರವರೆಗೆ ಇದ್ದರೆ ಮುಳುಗುಗಾರರ ನಿಮಿಷ. 1953ರಲ್ಲಿ ಬ್ಲಾಂಕ್‌ಪೇನ್ ಫಿಫ್ಟಿ ಫ್ಯಾದಮ್ಸ್ ಬಂತು, ರೋಲೆಕ್ಸ್ ಸಬ್‌ಮರೀನರ್ ಕೂಡ ಅದೇ ವರ್ಷದ್ದು. ತ್ರಿಕೋನದ ಗುರುತನ್ನು ನಿಮಿಷದ ಮುಳ್ಳಿಗೆ ಎದುರಿಟ್ಟರೆ ಕಳೆದ ಸಮಯವನ್ನು ನೇರ ಓದಬಹುದು.

24ರವರೆಗೆ ಇದ್ದರೆ ಇನ್ನೊಂದು ದೇಶದ ಗಂಟೆ. ರೋಲೆಕ್ಸ್ ಜಿಎಂಟಿ-ಮಾಸ್ಟರ್, 1953ರ ಗ್ಲೈಸಿನ್ ಏರ್‌ಮನ್ ಈ ಜಾತಿ. ಆದರೆ 1971ರ ರೋಲೆಕ್ಸ್ ಎಕ್ಸ್‌ಪ್ಲೋರರ್ 2, ಅಂದರೆ 1655ರಲ್ಲಿ 24 ಗಂಟೆಯ ಬೆಜೆಲ್ ತಿರುಗುವುದೇ ಇಲ್ಲ. ಸ್ಟೀಲಿನ ಮೇಲೆ ಕೆತ್ತಿದ್ದು, ಹಗಲೋ ರಾತ್ರಿಯೋ ತಿಳಿಯಲು. ಅದು ತಿರುಗಿದರೆ ರಿಪೇರಿಗೆ ಕೊಡಿ.

500ರಿಂದಲೋ 300ರಿಂದಲೋ ಇಳಿದರೆ ಟ್ಯಾಕಿಮೀಟರ್, ವೇಗದ ಅಳತೆ. 3600ನ್ನು ಸೆಕೆಂಡಿನಿಂದ ಭಾಗಿಸಿದ ಉತ್ತರವನ್ನೇ ಸುತ್ತ ಬರೆದಿಟ್ಟಿದ್ದಾರೆ: ಒಂದು ಕಿಲೋಮೀಟರ್‌ಗೆ 45 ಸೆಕೆಂಡ್ ಹಿಡಿದರೆ ಮುಳ್ಳು 80ರ ಮುಂದೆ ನಿಲ್ಲುತ್ತದೆ.

ಅಂಕಿಗಳು ಕಿಕ್ಕಿರಿದು ಎರಡು ವೃತ್ತದಲ್ಲಿ ಎದುರುಬದುರು ಇದ್ದರೆ ಸ್ಲೈಡ್ ರೂಲ್, ಅಂದರೆ ತಿರುಗಿಸಿ ಗುಣಾಕಾರ ಭಾಗಾಕಾರ ಮಾಡುವ ಅಳತೆ, ಬ್ರೈಟ್ಲಿಂಗ್ ನ್ಯಾವಿಟೈಮರ್‌ನಂತೆ. ಹಳೆಯ 806ರ ಬೆಜೆಲ್ ಅಂಚಿನಲ್ಲಿ ಮಣಿಗಳಿವೆ, ಆಮೇಲಿನದರಲ್ಲಿ ಹಲ್ಲು. ಕಿತ್ತಳೆ ಬಣ್ಣದ ಆಳದ ಅಂಕಿಗಳು ಹೊರವೃತ್ತದಲ್ಲಿದ್ದರೆ 1967ರ ಡೋಕ್ಸಾ ಸಬ್ ಮನೆತನದ್ದು. ಎಷ್ಟು ಆಳದಲ್ಲಿ ಎಷ್ಟು ನಿಮಿಷ ಇದ್ದರೆ ನಡುವೆ ನಿಲ್ಲದೆ ಮೇಲೆ ಬರಬಹುದೆಂದು ಅದು ಹೇಳುತ್ತದೆ.

ನನ್ನ ಹಳೇ ಸಬ್‌ಮರೀನರ್ ಬೆಜೆಲ್ ಎರಡೂ ಕಡೆ ತಿರುಗುತ್ತೆ, ಟಿಕ್ ಟಿಕ್ ಸದ್ದೂ ಇಲ್ಲ. ಕೆಟ್ಟಿದೆಯಾ?

ಇಲ್ಲ, 5513, 1680 ಮಾದರಿಗಳ ಕಾಲದ್ದು ಹಾಗೇ. ಒಂದೇ ದಿಕ್ಕಿಗೆ, ಅಪ್ರದಕ್ಷಿಣವಾಗಿ ತಿರುಗುವ ಬೆಜೆಲ್ ತಾರೀಖಿರುವ ಸಬ್‌ಮರೀನರ್‌ಗೆ ಬಂದದ್ದು 16800 ಮಾದರಿಯಿಂದ. ಆಕಸ್ಮಾತ್ ತಗುಲಿ ಅಲುಗಿದರೂ ಕಳೆದ ಸಮಯ ಹೆಚ್ಚೇ ತೋರಬೇಕು, ಮುಳುಗಿದವನು ಬೇಗ ಮೇಲೆ ಬರಬೇಕು ಎಂಬುದು ಉದ್ದೇಶ. 1680ರ ಮೇಲೆ ಟಿಕ್ ಟಿಕ್ ಎಂದರೆ ಆಗ ಯೋಚಿಸಿ.

ಗಾಜಿನ ಒಳಗೇ ತಿರುಗುವ ಉಂಗುರ ಇದೆ, ಎರಡು ಕೀಲಿ ಇದೆ. ಅದೂ ಬೆಜೆಲ್ಲೇ?

ಒಳಬೆಜೆಲ್ ಎನ್ನುತ್ತಾರೆ. ಒಂದು ಕೀಲಿ ಮುಳ್ಳಿಗೆ, ಇನ್ನೊಂದು ಉಂಗುರಕ್ಕೆ. ಸೂಪರ್ ಕಂಪ್ರೆಸರ್ ಎಂಬ ಹಳೆಯ ಮುಳುಗು ವಾಚಿನ ಕೇಸುಗಳಲ್ಲಿ ಹೆಚ್ಚು. ಉಜ್ಜಾಟ ತಗುಲದ ಜಾಗವಾದ್ದರಿಂದ ಬಣ್ಣ ಚೆನ್ನಾಗಿಯೇ ಉಳಿದಿರುತ್ತದೆ.

## ಯಾವ ವಸ್ತು?

ಬೆಜೆಲ್ ಬಿಳಿಯಾಗಿದೆ. ಸ್ಟೀಲೋ ಬಿಳಿ ಚಿನ್ನವೋ ಹೇಗೆ ಗೊತ್ತಾಗುತ್ತೆ?

ಬೆಜೆಲನ್ನು ಒಂಟಿಯಾಗಿ ದಿಟ್ಟಿಸಿದರೆ ಗೊತ್ತಾಗದು. ಪಕ್ಕದ ಸ್ಟೀಲ್ ಕೇಸನ್ನೂ ಅದನ್ನೂ ಒಟ್ಟಿಗೆ, ಹಗಲು ಬೆಳಕಿನಲ್ಲಿ, ಬಿಳಿ ಕಾಗದದ ಮೇಲಿಟ್ಟು ನೋಡಿ. ಸ್ಟೀಲು ತಣ್ಣಗೆ, ಸ್ವಲ್ಪ ನೀಲಿಗೆ ಹತ್ತಿರ. ಬಿಳಿ ಚಿನ್ನಕ್ಕೆ ಒಂದು ಬೆಚ್ಚನೆ ಛಾಯೆ, ಬೂದುಹಳದಿಯ ಕಡೆಗೆ. ಹಳದಿ ದೀಪದಡಿ ಈ ಪರೀಕ್ಷೆ ಮಾಡಿದರೆ ಎಲ್ಲವೂ ಚಿನ್ನವೇ.

ಆಮೇಲೆ ಮಾದರಿಯನ್ನು ನೋಡಿ. ಸ್ಟೀಲ್ ಕೇಸಿನ ಡೇಟ್‌ಜಸ್ಟ್‌ನಲ್ಲಿ ಬಿಳಿ ಫ್ಲೂಟೆಡ್ ಬೆಜೆಲ್ ಇದ್ದರೆ, ಕಂಪನಿಯದೇ ಆಗಿದ್ದರೆ, ಅದು ಬಿಳಿ ಚಿನ್ನ. ಐದಂಕಿಯ ಸಂಖ್ಯೆಗಳಲ್ಲಿ ಕೊನೆಯ ಅಂಕಿ ಲೋಹ ಹೇಳುತ್ತದೆ: 16220ರ 0 ಎಂದರೆ ಪೂರಾ ಸ್ಟೀಲು, 16233ರ 3 ಎಂದರೆ ಸ್ಟೀಲು ಮತ್ತು ಹಳದಿ ಚಿನ್ನ, 16234ರ 4 ಎಂದರೆ ಸ್ಟೀಲು ಮತ್ತು ಬಿಳಿ ಚಿನ್ನ. ನಾಲ್ಕಂಕಿಯ ಹಳೆ ಸಂಖ್ಯೆಗಳಿಗೆ ಈ ಸೂತ್ರ ಹಚ್ಚಬೇಡಿ, ಎಡವುತ್ತೀರಿ. ಡೇ-ಡೇಟ್ ಸುಲಭ: 1956ರಿಂದಲೂ ಅದು ಚಿನ್ನ ಅಥವಾ ಪ್ಲಾಟಿನಂನಲ್ಲಿ ಮಾತ್ರ.

ಅಯಸ್ಕಾಂತ ಹಿಡಿದು ನೋಡುವುದು ದಂಡ, ವಾಚಿನ ಸ್ಟೀಲೂ ಅಂಟುವುದಿಲ್ಲ, ಚಿನ್ನವೂ ಅಂಟುವುದಿಲ್ಲ. ಒರೆಗಲ್ಲಿಗೆ ಉಜ್ಜುವುದಂತೂ ಬೇಡವೇ ಬೇಡ, ಚೂಪು ನೆರಿಗೆಯೊಂದು ಹೋದರೆ ಮತ್ತೆ ಬಾರದು. ಎಕ್ಸ್-ರೇ ಯಂತ್ರದಲ್ಲಿ ನೋಡಿಸಬಹುದು. ಅದು ಮೇಲ್ಪದರವನ್ನಷ್ಟೇ ಓದುತ್ತದೆ ಎಂಬುದು ನೆನಪಿರಲಿ.

ಹಳದಿ ಬೆಜೆಲ್ ಗಟ್ಟಿ ಚಿನ್ನವೋ ಲೇಪವೋ?

ಏಣುಗಳನ್ನು ನೋಡಿ, ಬಯಲನ್ನಲ್ಲ. ಲೇಪ ಮೊದಲು ಸವೆಯುವುದು ತೋಳು ತಗುಲುವ ಏಣಿನಲ್ಲಿ. ಅಲ್ಲಿ ಬೇರೆ ಬಣ್ಣ ಇಣುಕಿದರೆ, ಹಿತ್ತಾಳೆಯ ಕೆಂಪೋ ಸ್ಟೀಲಿನ ಬಿಳಿಯೋ, ತೀರ್ಮಾನವಾಯಿತು. ಹಸಿರು ಚುಕ್ಕೆಗಳೂ ಅದನ್ನೇ ಹೇಳುತ್ತವೆ. ಗಟ್ಟಿ ಚಿನ್ನ ಎಷ್ಟು ಸವೆದರೂ ಚಿನ್ನವೇ. ನಡುವಿನದೊಂದಿದೆ, ಗೋಲ್ಡ್ ಕ್ಯಾಪ್: ದಪ್ಪ ಚಿನ್ನದ ತಗಡನ್ನು ಸ್ಟೀಲಿನ ಮೇಲೆ ಹೊದಿಸಿದ್ದು. ಹಳೆಯ ಒಮೆಗಾ ಕಾನ್‌ಸ್ಟಲೇಶನ್‌ಗಳಲ್ಲಿ ಸಿಗುತ್ತದೆ. ಅಂಚಿನ ಒಳಬದಿಯಲ್ಲಿ ತಗಡು ಮುಗಿಯುವ ಗೆರೆ ಲೂಪಿನಲ್ಲಿ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ಕಾಣುತ್ತದೆ.

ಮುದ್ರೆಗಳು ಸಾಮಾನ್ಯವಾಗಿ ಬೆಜೆಲ್ ಮೇಲಲ್ಲ, ಹಿಂಬದಿ ಮುಚ್ಚಳದೊಳಗೆ ಅಥವಾ ಲಗ್ಗಿನ (ಚೈನು ಸಿಕ್ಕಿಸುವ ಕೇಸಿನ ಕೊಂಬು) ಹಿಂದೆ ಇರುತ್ತವೆ. 1995ಕ್ಕೆ ಮುಂಚಿನ ಸ್ವಿಸ್ ವಾಚಿನಲ್ಲಿ ಹೆಲ್ವೇಷಿಯಾ ಎಂಬ ಹೆಂಗಸಿನ ತಲೆ ಇದ್ದರೆ 18 ಕ್ಯಾರೆಟ್, ಅಳಿಲು ಇದ್ದರೆ 14. 1995ರಿಂದ ಸೇಂಟ್ ಬರ್ನಾರ್ಡ್ ನಾಯಿಯ ತಲೆ. "20 ಮೈಕ್ರಾನ್" ಎಂದು ಬರೆದಿದ್ದರೆ ಅದು ಲೇಪದ ದಪ್ಪ. ಆದರೆ ಕೇಸಿನ ಮುದ್ರೆ ಕೇಸಿಗೆ ಮಾತ್ರ ಸಾಕ್ಷಿ, ಆಮೇಲೆ ಬಂದು ಕೂತ ಬೆಜೆಲ್‌ಗಲ್ಲ.

ಕಪ್ಪು ಇನ್ಸರ್ಟ್ ಬೇಕಲೈಟಾ, ಅಲ್ಯೂಮಿನಿಯಮ್ಮಾ, ಪ್ಲಾಸ್ಟಿಕ್ಕಾ, ಸೆರಾಮಿಕ್ಕಾ?

ಅದು ಹೇಗೆ ಗಾಯಗೊಂಡಿದೆ ನೋಡಿ. ಗಾಯವೇ ಗುರುತು.

ಅಲ್ಯೂಮಿನಿಯಂ ಗೀರಿದರೆ ಬಣ್ಣದಡಿಯಿಂದ ಬೆಳ್ಳಿಬಿಳಿ ಲೋಹ ಹೊಳೆಯುತ್ತದೆ. ತೆಳ್ಳಗಿರುತ್ತದೆ, ಕೆಲವೊಮ್ಮೆ ಬಾಗಿರುತ್ತದೆ, ಒಡೆಯುವುದಿಲ್ಲ. ಬೇಕಲೈಟ್ ಹಳೆಯ ಗಟ್ಟಿ ಪ್ಲಾಸ್ಟಿಕ್, ಬಾಗುವುದಿಲ್ಲ, ಎಳೆ ಎಳೆಯಾಗಿ ಬಿರುಕು ಬಿಡುತ್ತದೆ. ಅಂಕಿಗಳು ಮೇಲ್ಮೈಯ ಕೆಳಗೆ ಮುಳುಗಿದಂತೆ ಕಾಣುತ್ತವೆ. ಮೊದಲ ಜಿಎಂಟಿ-ಮಾಸ್ಟರ್ 6542ರದು ಇದೇ. ಬೇಗ ಒಡೆಯುತ್ತಿದ್ದುದರಿಂದ ಕೆಲವೇ ವರ್ಷಗಳಲ್ಲಿ ಅದನ್ನು ಬಿಟ್ಟು ಅಲ್ಯೂಮಿನಿಯಂ ಹಾಕಿದರು. ಹಾಗಾಗಿ ಬಿರುಕಿಲ್ಲದ ಬೇಕಲೈಟ್ ಸಿಕ್ಕಿತೆಂದರೆ ಸಂತೋಷಕ್ಕಿಂತ ಮೊದಲು ಅನುಮಾನ ಬರಬೇಕು.

ಅಕ್ರಿಲಿಕ್ ಪ್ಲಾಸ್ಟಿಕ್ ಹಳೆಯ ರೋಲೆಕ್ಸ್ ಡೇಟೋನಾಗಳಲ್ಲಿದೆ. 6239, 6265ರಲ್ಲಿ ಸ್ಟೀಲಿನ ಮೇಲೆ ಕೆತ್ತಿದ ಅಂಕಿ, 6241, 6263ರಲ್ಲಿ ಕಪ್ಪು ಅಕ್ರಿಲಿಕ್ ಮೇಲೆ ಬಿಳಿ ಅಂಕಿ. ಅಂಚಿನಲ್ಲಿ ಚಿಕ್ಕ ಚೂರು ಎದ್ದಿರುವುದು, ಮೃದುವಾದ ಗೀರುಗಳು ಅದರ ಲಕ್ಷಣ. ಸೆರಾಮಿಕ್‌ಗೆ ಗೀರೂ ಇಲ್ಲ, ಬಣ್ಣ ಮಾಸುವುದೂ ಇಲ್ಲ. ಬಿದ್ದರೆ ಗಾಜಿನಂತೆ ಒಡೆಯುತ್ತದೆ. ರೋಲೆಕ್ಸ್‌ನಲ್ಲಿ ಸೆರಾಮಿಕ್ ಇನ್ಸರ್ಟ್ ಬಂದದ್ದು 2005ರಲ್ಲಿ. 1970ರ ವಾಚಿನ ಮೇಲೆ ಅದು ಇದ್ದರೆ ಯಾರೋ ಹಾಕಿದ್ದು.

ಬೂದು ಬಣ್ಣದ ಬೆಜೆಲ್, ಐವತ್ತು ವರ್ಷ ಆದ್ರೂ ಒಂದು ಗೀರಿಲ್ಲ. ಯಾವ ಲೋಹ?

ಮೊಟ್ಟೆಯಾಕಾರದ ರಾಡೋ ಆಗಿದ್ದರೆ ಟಂಗ್‌ಸ್ಟನ್ ಕಾರ್ಬೈಡ್. 1962ರ ಡಯಾಸ್ಟಾರ್‌ನಿಂದ ಶುರು. ಗೀರುಗಳಿದ್ದು, ನೀಲಿಗೆ ತಿರುಗಿದ ಕಡು ಬೂದು ಬಣ್ಣವಿದ್ದು, ಎತ್ತಿದರೆ ಭಾರವಿದ್ದರೆ ಟ್ಯಾಂಟಲಂ. ಓಡೆಮಾರ್ ಪಿಗೆ, ಒಮೆಗಾ ಎರಡೂ ಬಳಸಿವೆ. ಬಣ್ಣ ಬೂದು, ತೂಕ ಮಾತ್ರ ಗರಿಯಂತೆ ಎಂದರೆ ಟೈಟಾನಿಯಂ. ಟ್ಯಾಂಟಲಂ ಸ್ಟೀಲಿನ ಎರಡರಷ್ಟು ತೂಗಿದರೆ ಟೈಟಾನಿಯಂ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಬೇಕಲೈಟ್ ಬೆಜೆಲ್ ಅಪಾಯ ಅಂತಾರೆ. ನಿಜಾನಾ?

ಬೇಕಲೈಟ್ ಅಲ್ಲ, ಅದರ ಅಂಕಿಗಳಿಗೆ ತುಂಬಿದ ರೇಡಿಯಂ. ಕತ್ತಲಲ್ಲಿ ಹೊಳೆಯುವುದು ನಿಂತಿರಬಹುದು, ವಿಕಿರಣ ನಿಂತಿಲ್ಲ. ರೇಡಿಯಂನ ಅರ್ಧಾಯುಷ್ಯ ಸುಮಾರು 1600 ವರ್ಷ. ಕೆರೆಯಬೇಡಿ, ಒಡೆದ ಕಡೆ ಊದಬೇಡಿ, ಪುಡಿ ಉಸಿರಿಗೆ ಹೋಗಬಾರದು. ಮುಂದಿನ ಕಾಲದ ಟ್ರೀಷಿಯಂನದು ಸುಮಾರು 12 ವರ್ಷ, ಅದು ಬಹುಪಾಲು ಸತ್ತಿದೆ.

## ಇನ್ನೂ ಆಳಕ್ಕೆ

ಕಪ್ಪು ಇನ್ಸರ್ಟ್ ಬೂದಾಗಿದೆ. ವಯಸ್ಸಿನಿಂದಲೋ ಯಾರಾದ್ರೂ ಮಾಡಿದ್ದೋ?

ಬಿಸಿಲಿಗೆ ಅಲ್ಯೂಮಿನಿಯಂನ ಬಣ್ಣ ಮಾಸುವುದು ನಿಜ. ಕಪ್ಪು ಬೂದಾಗುತ್ತದೆ, ಜಿಎಂಟಿಯ ಕೆಂಪು ಗುಲಾಬಿ ನೇರಳೆಗೆ ತಿರುಗುತ್ತದೆ. ಇದಕ್ಕೇ ಹೆಚ್ಚು ಬೆಲೆ ಕೊಡುವವರಿದ್ದಾರೆ, ಆದ್ದರಿಂದ ರಾಸಾಯನಿಕದಲ್ಲಿ ಅದ್ದಿ ಮಾಸಿಸುವವರೂ ಇದ್ದಾರೆ. ಬಿಸಿಲು ಸಮನಾಗಿ ಕೆಲಸ ಮಾಡುವುದಿಲ್ಲ. ಒಂದು ಬದಿ ಹೆಚ್ಚು, ಒಂದು ಬದಿ ಕಡಿಮೆ, ನಡುವೆ ಗೀರುಗಳು. ಸುತ್ತಲೂ ಒಂದೇ ಬೂದು, ಗೀರೇ ಇಲ್ಲ ಎಂದರೆ ನನಗೆ ನಂಬಿಕೆ ಬರುವುದಿಲ್ಲ. ತ್ರಿಕೋನದೊಳಗಿನ ಹೊಳೆವ ಚುಕ್ಕೆಯನ್ನೂ ಡಯಲ್‌ನ ಚುಕ್ಕೆಗಳ ಜೊತೆ ಹೋಲಿಸಿ. ಒಂದು ಕೆನೆ ಬಣ್ಣ, ಇನ್ನೊಂದು ಹಾಲುಬಿಳಿ ಎಂದರೆ ಎರಡೂ ಒಟ್ಟಿಗೆ ವಯಸ್ಸಾದವಲ್ಲ.

ಸ್ಪೀಡ್‌ಮಾಸ್ಟರ್ ಬೆಜೆಲ್‌ನಲ್ಲಿ 90ರ ಚುಕ್ಕೆ ಬಗ್ಗೆ ಅಷ್ಟು ಯಾಕೆ ಜಗಳ?

90 ಎಂದರೆ ಟ್ಯಾಕಿಮೀಟರ್ ಅಂಕಿ. 1957ರ ಮೊದಲ ಒಮೆಗಾ ಸ್ಪೀಡ್‌ಮಾಸ್ಟರ್ ಸಿಕೆ 2915ಕ್ಕೆ ಸ್ಟೀಲಿನ ಮೇಲೆ ಕೆತ್ತಿದ ಬೆಜೆಲ್. 1959ರ ಸಿಕೆ 2998ರಿಂದ ಕಪ್ಪು ಅಲ್ಯೂಮಿನಿಯಂ ಇನ್ಸರ್ಟ್. ಆಗಿನಿಂದ 1970ರ ಆಸುಪಾಸಿನವರೆಗೆ ಚುಕ್ಕೆ 90ರ ತಲೆಯ ಮೇಲೆ, ಆಮೇಲೆ 90ರ ಪಕ್ಕದಲ್ಲಿ. ಸಣ್ಣ ಚುಕ್ಕೆಯೇ, ಆದರೆ 1960ರ ದಶಕದ ವಾಚಿನ ಮೇಲೆ ಪಕ್ಕದ ಚುಕ್ಕೆ ಇದ್ದರೆ ಇನ್ಸರ್ಟ್ ಬದಲಾಗಿದೆ. 2021ರ ಹೊಸ ಮಾದರಿಗೆ ಕಂಪನಿಯೇ ತಲೆ ಮೇಲಿನ ಚುಕ್ಕೆ ಮತ್ತೆ ತಂದಿರುವುದರಿಂದ ಚುಕ್ಕೆಯೊಂದನ್ನೇ ನಂಬಿ ಹಳೆಯದೆಂದು ಹೇಳುವ ಕಾಲ ಮುಗಿಯಿತು.

ವಜ್ರದ ಬೆಜೆಲ್ ಕಂಪನಿಯದ್ದೇ ಅಂತ ಹೇಗೆ ತಿಳಿಯೋದು?

ಮೊದಲು ಸಂಖ್ಯೆ. ಡೇ-ಡೇಟ್ 1804 ವಜ್ರದ ಬೆಜೆಲ್‌ನೊಂದಿಗೇ ಹುಟ್ಟಿದ ಮಾದರಿ. 1803ರ ಮೇಲೆ ವಜ್ರ ಇದ್ದರೆ ಅದು ಆಮೇಲಿನ ಕಥೆ. ಆಮೇಲೆ ಲೂಪು. ಒಳ್ಳೆಯ ಕೈ ಕೂರಿಸಿದ ಹರಳುಗಳ ತಲೆಗಳೆಲ್ಲ ಒಂದೇ ಮಟ್ಟದಲ್ಲಿರುತ್ತವೆ, ನಡುವಿನ ಸಂದು ಒಂದೇ ಅಗಲ, ಹಿಡಿದ ಲೋಹದ ಕಾಳುಗಳು ದುಂಡಗೆ. ಹೊರಗೆ ಮಾಡಿಸಿದ್ದರಲ್ಲಿ ಒಂದೆರಡು ಹರಳು ವಾಲಿರುತ್ತವೆ, ಒಂದು ಹಳದಿಗೆ ತಿರುಗಿರುತ್ತದೆ, ಸಂದಿನಲ್ಲಿ ಅಂಟು ಕಾಣುತ್ತದೆ. ಸ್ಟೀಲ್ ಬಳೆಗೆ ತೂತು ಕೊರೆದು ಕೂರಿಸಿದ್ದೂ ನೋಡಿದ್ದೇನೆ.

ಬೆಜೆಲ್ ಬದಲಾಗಿದೆ ಅಂತ ಪತ್ತೆ ಮಾಡೋ ಒಂದು ದಾರಿ ಹೇಳಿ.

ಹಳೆಯ ರೋಲೆಕ್ಸ್ ಆದರೆ ಚೈನು ಬಿಚ್ಚಿಸಿ. 12ರ ಕಡೆ ಲಗ್ಗುಗಳ ನಡುವೆ ಮಾದರಿ ಸಂಖ್ಯೆ, 6ರ ಕಡೆ ಕ್ರಮ ಸಂಖ್ಯೆ ಇರುತ್ತದೆ.

ನಾನು ಈ ಪಾಠ ಕಲಿತದ್ದು ದುಡ್ಡು ಕೊಟ್ಟು. ಸ್ಟೀಲ್ ಡೇಟ್‌ಜಸ್ಟ್, "ಬಿಳಿ ಚಿನ್ನದ ಫ್ಲೂಟೆಡ್" ಎಂದು ಮಾರಿದವರ ಮಾತು. ಹೊಳಪಿಗೆ ಮರುಳಾಗಿ ಚೈನು ಬಿಚ್ಚಿಸದೆ ತೆಗೆದುಕೊಂಡೆ. ಮನೆಗೆ ಬಂದು ಬಿಚ್ಚಿದರೆ ಲಗ್ಗುಗಳ ನಡುವೆ 1603. ಆ ಸಂಖ್ಯೆಗೆ ಇರಬೇಕಾದದ್ದು ಸ್ಟೀಲಿನ ಎಂಜಿನ್ ಟರ್ನ್ಡ್. ಆಗ ಲೂಪು ಹಿಡಿದು ಕೂತೆ. ನೆರಿಗೆಯ ಏಣು ಹೊಳೆಯುತ್ತಿತ್ತು, ಕಣಿವೆಯ ತಳ ಮಂಕಾಗಿತ್ತು, ಅಚ್ಚಿನಲ್ಲಿ ಒತ್ತಿದ ಹಾಗೆ. ಏಣು ಸವೆದದ್ದಲ್ಲ, ಹುಟ್ಟಾ ಮೊಂಡು. ಕೇಸಿನ ಮೇಲೆ ನಲವತ್ತು ವರ್ಷದ ಗೀರುಗಳು, ಅದಕ್ಕೆ ತಾಗಿಕೊಂಡಿದ್ದ ಬೆಜೆಲ್ ಮೇಲೆ ಒಂದೂ ಇಲ್ಲ. ಬೆಜೆಲ್ ಮತ್ತು ಕೇಸಿನ ಸಂದು 3ರ ಬಳಿ ಉಗುರು ಸಿಕ್ಕುವಷ್ಟು, 9ರ ಬಳಿ ಇಲ್ಲವೇ ಇಲ್ಲ. ಇಷ್ಟೂ ಅಂಗಡಿಯಲ್ಲೇ ಕಾಣಬಹುದಿತ್ತು.

ಬದಲಾಯಿಸಿದ್ದೆಲ್ಲ ಮೋಸವೂ ಅಲ್ಲ. ಸರ್ವೀಸಿಗೆ ಹೋದಾಗ ಕಂಪನಿಯೇ ಹಳೆಯ ಇನ್ಸರ್ಟ್ ತೆಗೆದು ಹೊಸದು ಹಾಕಿ ಕಳಿಸಿದ ವಾಚುಗಳು ಬೇಕಾದಷ್ಟಿವೆ. ಹಾಗೆಂದು ಹೇಳಿ ಮಾರಿದರೆ ತಕರಾರಿಲ್ಲ.

ಫ್ಲೂಟೆಡ್ ಬೆಜೆಲ್ ಮಂಕಾಗಿದೆ. ಪಾಲಿಶ್ ಮಾಡಿಸಲಾ?

ಬೇಡ. ಚಕ್ರ ಮೊದಲು ತಿನ್ನುವುದು ಏಣನ್ನು. ಎರಡು ಸಲ ಪಾಲಿಶ್ ಆದ ಫ್ಲೂಟೆಡ್ ಬೆಜೆಲ್ ಸೋಪಿನ ತುಂಡಿನಂತೆ ಕಾಣುತ್ತದೆ. ರಾಯಲ್ ಓಕ್ ಆದರೆ ಅಂಚಿನ ಇಳಿಜಾರೇ ಮಾಯ. ಬಹಳ ಸಲ ಅದು ಮಂಕಲ್ಲ, ನೆರಿಗೆಯಲ್ಲಿ ಕೂತ ಕೊಳೆ. ಕೀಲಿ ಬಿಗಿಯಾಗಿದ್ದು ನೀರು ತಡೆಯುವ ವಾಚಾದರೆ ಮೆತ್ತನೆ ಬ್ರಷ್, ಒಂದು ಹನಿ ಸೋಪು, ಉಗುರುಬೆಚ್ಚಗಿನ ನೀರು. ಆ ಖಾತ್ರಿ ಇಲ್ಲದಿದ್ದರೆ ಒದ್ದೆ ಬಟ್ಟೆಯಷ್ಟೇ.

ಬೆಜೆಲನ್ನ ನಾನೇ ಚಾಕುವಿನಿಂದ ಎಬ್ಬಿಸಿ ಒಳಗೆ ನೋಡಬಹುದಾ?

ಒಳಬದಿ ನೋಡಿದರೆ ಬಹಳಷ್ಟು ತಿಳಿಯುತ್ತದೆ, ನಿಜ. ಆದರೆ ಚಾಕು ಜಾರಿದರೆ ಕೇಸಿಗೆ ಗೀರು, ಗಾಜಿಗೆ ಚಕ್ಕೆ, ಬೇಕಲೈಟ್ ಆಗಿದ್ದರೆ ಎರಡು ಹೋಳು. ಗಾಜನ್ನು ಹಿಡಿದಿರುವುದೇ ಬೆಜೆಲ್ ಆಗಿದ್ದರೆ ನೀರಿನ ತಡೆಯೂ ಹೋಯಿತು. ವಾಚ್ ರಿಪೇರಿ ಮಾಡುವವರ ಬಳಿ ಬೆಜೆಲನ್ನು ಸುತ್ತಲೂ ಸಮನಾಗಿ ಎತ್ತುವ ಉಪಕರಣ ಇರುತ್ತದೆ. ಅವರು ಎತ್ತುವಾಗ ಪಕ್ಕದಲ್ಲಿ ನಿಂತು ಫೋಟೊ ತೆಗೆದುಕೊಳ್ಳಿ.